‘ಗ್ಯಾಸ್’ ಎಂದುಕೊಂಡ ಎರಡು ಗಂಟೆ: ಒಂದು ಎದೆನೋವಿನ ಪ್ರಕರಣ

ಮಲೆನಾಡಿನ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ನಾನು ವೈದ್ಯ. ಇಲ್ಲಿ ಹೇಳುತ್ತಿರುವುದು ಒಂದು ಮನೆಯವರ ಕಥೆ. ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಊರು ಹೇಳಿಲ್ಲ, ಹೆಸರು ಹೇಳಿಲ್ಲ, ಗುರುತು ಸಿಗುವ ಒಂದೆರಡು ವಿವರ ಬದಲಿಸಿದ್ದೇನೆ. ನೋವು ಶುರುವಾದ ಹೊತ್ತಿನಿಂದ ಏನೇನಾಯಿತು, ಯಾರು ಯಾವಾಗ ಏನು ತೀರ್ಮಾನ ಮಾಡಿದರು ಅನ್ನುವುದನ್ನು ಮಾತ್ರ ಇದ್ದದ್ದು ಇದ್ದ ಹಾಗೇ ಇಟ್ಟಿದ್ದೇನೆ. ಎದೆನೋವಿನ ವಿಷಯದಲ್ಲಿ ಎಲ್ಲವೂ ನಿಂತಿರುವುದು ಅದರ ಮೇಲೆಯೇ.

ಹಿನ್ನೆಲೆ

ಅಡಿಕೆ ತೋಟ, ಸ್ವಲ್ಪ ಗದ್ದೆ ಇರುವ ಮನೆ. ಮನೆಯಲ್ಲಿ ಯಜಮಾನರು, ಅವರ ಹೆಂಡತಿ, ಮಗ, ಸೊಸೆ, ಒಂದು ಮಗು. ಮಗ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಾನೆ, ತಿಂಗಳಿಗೊಮ್ಮೆ ಬರುತ್ತಾನೆ. ಟಾರು ರಸ್ತೆಗೆ ಮನೆಯಿಂದ ಮೂರು ಕಿಲೋಮೀಟರ್ ಮಣ್ಣಿನ ದಾರಿ. ಫೋನ್ ಸಿಗ್ನಲ್ ಬೇಕೆಂದರೆ ಅಂಗಳದ ಒಂದು ಮೂಲೆಗೆ ಬರಬೇಕು.

ಕಾಯಿಲೆ ಬಿದ್ದದ್ದು ಆ ಮನೆಯ ಅಮ್ಮ. ವಯಸ್ಸು 56. ಒಂಬತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಮಾತ್ರೆ ತಗೊಳ್ಳುತ್ತಿದ್ದರು, ಆದರೆ ಸಕ್ಕರೆ ಹಿಡಿತದಲ್ಲಿ ಇರಲಿಲ್ಲ. ಎಲೆ ಅಡಿಕೆಯ ಜೊತೆ ಹೊಗೆಸೊಪ್ಪು ಹಾಕುವ ಅಭ್ಯಾಸ ಇಪ್ಪತ್ತು ವರ್ಷದ್ದು. ಸಿಗರೇಟು, ಬೀಡಿ ಮುಟ್ಟಿದವರಲ್ಲ. ಹಾಗಾಗಿ ‘ನಮಗೆ ಯಾವ ಚಟವೂ ಇಲ್ಲ’ ಎಂದೇ ಮನೆಯವರು ನಂಬಿದ್ದರು. ಜಗಿಯುವ ಹೊಗೆಸೊಪ್ಪೂ ರಕ್ತನಾಳಕ್ಕೆ ಕೆಟ್ಟದ್ದು ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ಈ ಮನೆಗೆ ಎದೆನೋವಿನ ಒಂದು ಹಳೆಯ ಅನುಭವ ಇತ್ತು. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ತೀರಿಕೊಂಡರಲ್ಲ, ಆಮೇಲಿನ ದಿನಗಳು ಎಲ್ಲರಿಗೂ ನೆನಪಿರಬೇಕು. ಇಸಿಜಿ ಮಾಡಿಸಲು ಆಸ್ಪತ್ರೆಗಳ ಮುಂದೆ ಜನ ಸಾಲು ನಿಂತಿದ್ದರು. ಅದೇ ಸಮಯದಲ್ಲಿ ಒಂದು ರಾತ್ರಿ ಈ ಮನೆಯ ಯಜಮಾನರಿಗೆ ಊಟವಾದ ಮೇಲೆ ಎದೆ ಉರಿಯತೊಡಗಿತು. ಗಾಬರಿಯಾಗಿ, ಬಾಡಿಗೆ ಕಾರು ಮಾಡಿಕೊಂಡು, 90 ಕಿಲೋಮೀಟರ್ ದೂರದ ನಗರಕ್ಕೆ ಹೋದರು. ಖಾಸಗಿ ಆಸ್ಪತ್ರೆಯಲ್ಲಿ ಎರಡು ದಿನ ಇಟ್ಟುಕೊಂಡರು. ಇಸಿಜಿ, ಎಕೋ, ರಕ್ತಪರೀಕ್ಷೆ ಎಲ್ಲ ಸರಿಯಾಗಿಯೇ ಇದ್ದವು. ‘ಹೊಟ್ಟೆಯ ಆಸಿಡ್ ಮೇಲೆ ಬಂದಿದೆ’ ಎಂದು ಮಾತ್ರೆ ಕೊಟ್ಟು ಕಳಿಸಿದರು. ಬಿಲ್ಲು 38 ಸಾವಿರ.

ಆಮೇಲೆ ಊರಲ್ಲಿ ಅದೊಂದು ತಮಾಷೆಯಾಯಿತು. ‘ಒಂದು ಗ್ಯಾಸಿಗೆ 38 ಸಾವಿರ ಕೊಟ್ಟು ಬಂದ್ರಂತೆ’ ಅಂತ ಮದುವೆಮನೆಯಲ್ಲಿ ಆಡಿಕೊಂಡರು. ಯಜಮಾನರಿಗೆ ಅವಮಾನವಾಯಿತು. ಅಮ್ಮನಿಗೆ ಅದು ಇನ್ನೂ ಜಾಸ್ತಿ ನಾಟಿತು. ಆ ವರ್ಷ ಮಗುವಿನ ಬಳೆ ಅಡವಿಟ್ಟು ಆ ದುಡ್ಡು ಹೊಂದಿಸಿದವರು ಅವರೇ.

ಇದನ್ನು ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣ ಇದೆ. ಮೂರು ವರ್ಷದ ಮೇಲೆ ಅಮ್ಮನಿಗೆ ನಿಜವಾದ ಹೃದಯಾಘಾತ ಆದಾಗ ಅವರ ಬಾಯಿ ಕಟ್ಟಿದ್ದು ಆ 38 ಸಾವಿರವೇ. ‘ಮತ್ತೆ ಅದೇ ಆದ್ರೆ?’ ಅನ್ನಿಸಿತಂತೆ. ಆಮೇಲೆ ಅವರೇ ನನಗೆ ಹೇಳಿದರು.

ನೋವಿನ ಮೊದಲೇ ಬಂದ ಸೂಚನೆ

ಆ ದಿನಕ್ಕೆ ಎರಡು ವಾರ ಮೊದಲಿನಿಂದ ತೋಟದಿಂದ ಮನೆಗೆ ಏರು ಹತ್ತುವಾಗ ಅಮ್ಮನಿಗೆ ಗಂಟಲ ಬುಡದಲ್ಲಿ ಏನೋ ಬಿಗಿದ ಹಾಗೆ ಆಗುತ್ತಿತ್ತು. ಕೆಳದವಡೆಯೂ ನೋಯುತ್ತಿತ್ತು. ಅರ್ಧ ದಾರಿಯಲ್ಲಿ ಕಲ್ಲಿನ ಮೇಲೆ ಐದು ನಿಮಿಷ ಕೂತರೆ ಹೋಗುತ್ತಿತ್ತು. ಹಲ್ಲುನೋವು ಅಂದುಕೊಂಡು ಲವಂಗ ಕಚ್ಚಿಕೊಂಡರು.

ದುಡಿಯುವಾಗ ಬರುವುದು, ಕೂತರೆ ಹೋಗುವುದು. ಎಲ್ಲಿ ನೋಯುತ್ತದೆ ಎನ್ನುವುದಕ್ಕಿಂತ ಈ ನಡವಳಿಕೆ ಮುಖ್ಯ. ಹೃದಯದ ರಕ್ತನಾಳ ಕಿರಿದಾದಾಗ ಕೂತಿರುವ ಹೊತ್ತಿನಲ್ಲಿ ಹರಿಯುವ ರಕ್ತ ಸಾಕಾಗುತ್ತದೆ. ಏರು ಹತ್ತುವಾಗ, ಭಾರ ಹೊರುವಾಗ ಸಾಲುವುದಿಲ್ಲ. ಆಗ ಎದೆ, ಗಂಟಲು, ದವಡೆ, ಎಡತೋಳು, ಬೆನ್ನು, ಮೇಲುಹೊಟ್ಟೆ, ಇದರಲ್ಲಿ ಎಲ್ಲಿ ಬೇಕಾದರೂ ಬಿಗಿತ ಬರಬಹುದು. ಇದಕ್ಕೆ ಆಂಜೈನಾ ಎನ್ನುತ್ತಾರೆ. ಹಿಂದೆ ಇಲ್ಲದ್ದು ಹೊಸದಾಗಿ ಶುರುವಾದರೆ, ಅಥವಾ ಮುಂಚೆ ನೂರು ಹೆಜ್ಜೆಗೆ ಬರುತ್ತಿದ್ದದ್ದು ಈಗ ಇಪ್ಪತ್ತು ಹೆಜ್ಜೆಗೇ ಬಂದರೆ, ಅದೇ ದಿನ ಆಸ್ಪತ್ರೆಗೆ ಬರಬೇಕು. ಆ ಎರಡು ವಾರದಲ್ಲಿ ಒಂದು ದಿನ ಬಂದಿದ್ದರೂ ಮುಂದಿನ ರಾತ್ರಿ ಬಹುಶಃ ಬೇರೆಯೇ ಆಗುತ್ತಿತ್ತು.

ಆ ರಾತ್ರಿ

2024ರ ಡಿಸೆಂಬರ್. ಅಡಿಕೆ ಸುಗ್ಗಿ. ಸಂಜೆ ಅಂಗಳದಲ್ಲಿ ದೀಪ ಹಾಕಿಕೊಂಡು ಅಡಿಕೆ ಸುಲಿಯುತ್ತಿದ್ದರು. 7 ಗಂಟೆ 10 ನಿಮಿಷದ ಹೊತ್ತಿಗೆ ಅಮ್ಮ ಕತ್ತಿ ಕೆಳಗಿಟ್ಟು ಎದ್ದರು. ಗಡಿಯಾರದ ಹೊತ್ತು ಸೊಸೆಗೆ ಸರಿಯಾಗಿ ನೆನಪಿದೆ. ಟಿವಿಯಲ್ಲಿ ಒಂದು ಧಾರಾವಾಹಿ ಆಗಷ್ಟೇ ಶುರುವಾಗಿತ್ತಂತೆ.

‘ಎದೆ ನೋವಾ ಅತ್ತೆ?’ ಅಂತ ಕೇಳಿದಳು. ‘ನೋವಲ್ಲ, ಏನೋ ಭಾರ. ಗ್ಯಾಸ್ ಇರ್ಬೇಕು’ ಅಂದರು. ಇದು ನಾನು ಮತ್ತೆ ಮತ್ತೆ ಕೇಳುವ ಮಾತು. ಹೃದಯಾಘಾತ ಆದವರಲ್ಲಿ ಎಷ್ಟೋ ಜನ ‘ನೋವು’ ಎಂಬ ಪದವನ್ನೇ ಬಳಸುವುದಿಲ್ಲ. ‘ಒತ್ತಿದ ಹಾಗೆ’, ‘ಹಿಂಡಿದ ಹಾಗೆ’, ‘ಮೇಲೆ ಚೀಲ ಇಟ್ಟ ಹಾಗೆ’ ಅನ್ನುತ್ತಾರೆ. ತೋರಿಸಿ ಅಂದರೆ ಬೆರಳಿಟ್ಟು ತೋರಿಸುವುದಿಲ್ಲ, ಇಡೀ ಅಂಗೈಯನ್ನು ಎದೆಯ ನಡುವೆ ಇಡುತ್ತಾರೆ. ಸಕ್ಕರೆ ಕಾಯಿಲೆ ಹಳೆಯದಾದರೆ ನರಗಳು ಮಂಕಾಗಿ ನೋವೇ ಸರಿಯಾಗಿ ತಿಳಿಯದಿರಬಹುದು. ಹೆಂಗಸರಲ್ಲಿ, ವಯಸ್ಸಾದವರಲ್ಲಿ ಬರೀ ಉಬ್ಬಸ, ವಾಂತಿ, ವಿಪರೀತ ಸುಸ್ತು ಮಾತ್ರ ಕಾಣಿಸಿಕೊಳ್ಳುವುದೂ ಉಂಟು.

ಮೊದಲು ಜೀರಿಗೆ ಕಷಾಯ ಕುಡಿದರು. ತೇಗು ಬಂತು. ‘ನೋಡು, ಗ್ಯಾಸೇ’ ಎಂದು ಎಲ್ಲರಿಗೂ ಸಮಾಧಾನವಾಯಿತು. ಎಂಟು ಗಂಟೆಗೆ ಮತ್ತೆ ಭಾರ ಕೂತಿತು. ಈನೋ ಕುಡಿದರು, ಸ್ವಲ್ಪ ಹೊತ್ತಿಗೆ ವಾಂತಿಯಾಯಿತು. ಊಟ ಬೇಡ ಎಂದರು. ಒಂಬತ್ತಕ್ಕೆ ಯಜಮಾನರು ತಮ್ಮ ಹಳೆಯ ಗ್ಯಾಸ್ ಮಾತ್ರೆ ಹುಡುಕಿ ಕೊಟ್ಟರು. ಅವರಿಗೆ ಹಿಂದೆ ಅದೇ ಮಾತ್ರೆಯಿಂದ ಗುಣವಾಗಿತ್ತಲ್ಲ.

ಇಲ್ಲಿ ಒಂದು ವಿಷಯ ಹೇಳಲೇಬೇಕು. ಹೃದಯದ ಕೆಳಭಾಗ ಹೊಟ್ಟೆಯ ಪಕ್ಕದಲ್ಲೇ, ನಡುವಿನ ತೆಳುವಾದ ಒಂದು ಸ್ನಾಯುಪರದೆಯ ಮೇಲೆ ಕೂತಿದೆ. ಆ ಭಾಗಕ್ಕೆ ರಕ್ತ ನಿಂತಾಗ ವಾಕರಿಕೆ, ವಾಂತಿ, ಮೇಲುಹೊಟ್ಟೆಯಲ್ಲಿ ಸಂಕಟ ಬರುವುದು ತುಂಬ ಸಾಮಾನ್ಯ. ತೇಗೂ ಬರುತ್ತದೆ. ತೇಗು ಬಂದ ಮಾತ್ರಕ್ಕೆ, ಈನೋ ಕುಡಿದು ಸ್ವಲ್ಪ ಹಗುರವಾದ ಮಾತ್ರಕ್ಕೆ ಅದು ಹೃದಯದ್ದಲ್ಲ ಎಂದು ತೀರ್ಮಾನ ಮಾಡಲು ಬರುವುದಿಲ್ಲ. ಇಂಥ ನೋವು ಒಂದೇ ಸಮ ಇರುವುದೂ ಇಲ್ಲ, ಏರಿ ಇಳಿಯುತ್ತದೆ. ಇಳಿದಾಗ ನಾವು ಕುಡಿಸಿದ್ದೇ ಕೆಲಸ ಮಾಡಿತು ಅಂದುಕೊಳ್ಳುತ್ತೇವೆ.

ಪರಿಸ್ಥಿತಿ ತಿರುಗಿದ್ದು 9 ಗಂಟೆ 20 ನಿಮಿಷಕ್ಕೆ. ಸೊಸೆ ಅತ್ತೆಗೆ ಹೊದೆಸಲು ಕಂಬಳಿ ತಂದಳು. ಡಿಸೆಂಬರಿನ ಚಳಿಯಲ್ಲಿ ಅತ್ತೆಯ ರವಿಕೆಯ ಬೆನ್ನು ಪೂರ್ತಿ ಒದ್ದೆಯಾಗಿತ್ತು. ಹಣೆ ಮುಟ್ಟಿ ನೋಡಿದರೆ ತಣ್ಣಗೆ. ‘ಜ್ವರ ಇಲ್ಲ, ಕೆಲಸ ಮಾಡಿಲ್ಲ, ಈ ಚಳೀಲಿ ಇಷ್ಟು ಬೆವರ್ತಾರೆ ಅಂದ್ರೆ ಏನೋ ಸರಿ ಇಲ್ಲ ಅನ್ನಿಸ್ತು ಡಾಕ್ಟ್ರೇ’ ಅಂತ ಅವಳು ಆಮೇಲೆ ಹೇಳಿದಳು. ಎರಡು ಗಂಟೆಯಲ್ಲಿ ಮನೆಯವರು ಕಂಡ ಲಕ್ಷಣಗಳಲ್ಲಿ ಹೃದಯದ ಕಡೆಗೆ ಬಲವಾಗಿ ಬೆರಳು ತೋರಿಸುವ ಲಕ್ಷಣ ಅದು. ಅವಳು ಅದನ್ನು ಬಿಟ್ಟುಕೊಡಲಿಲ್ಲ. ಅತ್ತೆ ಬೇಡ ಅಂದರು. ಮಾವ ‘ಬೆಳಿಗ್ಗೆ ನೋಡೋಣ’ ಅಂದರು. ‘ಮಾವ, ದುಡ್ಡಿನ ಮಾತು ಆಮೇಲೆ. ನಾನು ಫೋನ್ ಮಾಡ್ತೀನಿ’ ಎಂದು ಅಂಗಳದ ಮೂಲೆಗೆ ಹೋದಳು.

ಪಕ್ಕದ ಮನೆಯ ಮಾತ್ರೆ

ಅಷ್ಟರಲ್ಲಿ ಪಕ್ಕದ ಮನೆಯವರು ಬಂದರು. ಅವರಲ್ಲಿ ಒಬ್ಬರು ಹಿರಿಯರಿಗೆ ಹಿಂದೆಯೇ ಹೃದಯದ ರಕ್ತನಾಳವನ್ನು ತೆರೆದಿಡುವ ಸ್ಟೆಂಟ್ ಹಾಕಿದೆ. ‘ಇದು ಹಾರ್ಟೇ, ನಾಲಿಗೆ ಕೆಳಗೆ ಇದನ್ನ ಇಡಿ’ ಎಂದು ತಮ್ಮ ಸಾರ್ಬಿಟ್ರೇಟ್ ಮಾತ್ರೆ ಕೊಟ್ಟರು. ರೋಗ ಅವರು ಸರಿಯಾಗಿಯೇ ಗುರುತಿಸಿದ್ದರು. ಮನಸ್ಸೂ ಒಳ್ಳೆಯದೇ. ಆದರೆ ಮಾತ್ರೆ ಇಟ್ಟು ಐದಾರು ನಿಮಿಷಕ್ಕೆ ಅಮ್ಮ ಕಣ್ಣು ಮೇಲೆ ಮಾಡಿ ಕುಸಿದರು. ಮಲಗಿಸಿ ಕಾಲು ಎತ್ತಿ ಹಿಡಿದಾಗ ಎಚ್ಚರ ಬಂತು.

ಏಕೆ ಹೀಗಾಯಿತು ಎಂದು ಗೊತ್ತಾದದ್ದು ಆಸ್ಪತ್ರೆಯಲ್ಲಿ. ಸಾರ್ಬಿಟ್ರೇಟ್ ರಕ್ತನಾಳಗಳನ್ನು ಸಡಿಲ ಮಾಡುತ್ತದೆ, ಮೈಯಿಂದ ಹೃದಯಕ್ಕೆ ವಾಪಸ್ ಬರುವ ರಕ್ತ ಕಡಿಮೆಯಾಗುತ್ತದೆ. ಹಳೆಯ ಆಂಜೈನಾ ಇದ್ದು, ವೈದ್ಯರು ಬರೆದುಕೊಟ್ಟವರಿಗೆ ಅದು ಒಳ್ಳೆಯ ಔಷಧ. ಈ ಅಮ್ಮನಿಗೆ ಹೃದಯದ ಕೆಳಭಾಗದ ಜೊತೆ ಬಲಭಾಗಕ್ಕೂ ಪೆಟ್ಟು ಬಿದ್ದಿತ್ತು. ಬಲಭಾಗ ಸೋತಾಗ ಹೃದಯ ನಡೆಯುವುದೇ ವಾಪಸ್ ಬರುವ ಆ ರಕ್ತದ ಒತ್ತಡದಿಂದ. ಅದನ್ನೂ ತಗ್ಗಿಸಿದರೆ ಬಿಪಿ ನೆಲ ಕಚ್ಚುತ್ತದೆ. ಇಸಿಜಿ ನೋಡದೆ ಇದನ್ನು ಯಾರೂ ಹೇಳಲಾರರು, ನಾನೂ ಹೇಳಲಾರೆ. ಅದಕ್ಕೇ ಒಬ್ಬರಿಗೆ ಬರೆದ ಸಾರ್ಬಿಟ್ರೇಟನ್ನು ಇನ್ನೊಬ್ಬರಿಗೆ ಕೊಡಬೇಡಿ ಎಂದು ಕೇಳಿಕೊಳ್ಳುವುದು.

ಆಸ್ಪಿರಿನ್ ವಿಷಯ ಬೇರೆ. ಹೃದಯಾಘಾತದ ಅನುಮಾನ ಬಲವಾಗಿದ್ದು, ಆಸ್ಪಿರಿನ್ ಅಲರ್ಜಿ, ಹೊಟ್ಟೆಯಲ್ಲಿ ರಕ್ತಸ್ರಾವ ಇಂಥದ್ದು ಇಲ್ಲದಿದ್ದರೆ, 300ರಿಂದ 325 ಮಿಲಿಗ್ರಾಂ ಆಸ್ಪಿರಿನ್ ಜಗಿದು ನುಂಗುವುದರಿಂದ ಲಾಭ ಇದೆ. ಜಗಿದರೆ ಬೇಗ ರಕ್ತ ಸೇರುತ್ತದೆ. ಆದರೂ 108ಕ್ಕೋ ಗೊತ್ತಿರುವ ವೈದ್ಯರಿಗೋ ಫೋನ್ ಮಾಡಿ, ಕೇಳಿ ಕೊಡುವುದು ಒಳ್ಳೆಯದು. ಮಾತ್ರೆ ಹುಡುಕುತ್ತಾ ಹೊರಡುವುದನ್ನು ಮಾತ್ರ ತಡ ಮಾಡಬಾರದು. ಈ ಮನೆಯಲ್ಲಿ ಆಸ್ಪಿರಿನ್ ಇರಲಿಲ್ಲ.

ಎಲ್ಲಿಗೆ ಹೋಗುವುದು?

108 ಸಿಕ್ಕಿತು. ಹತ್ತಿರದ ಆಂಬುಲೆನ್ಸ್ ಬೇರೆ ಕರೆಗೆ ಹೋಗಿತ್ತು, ಬರಲು 40 ನಿಮಿಷ ಬೇಕು ಎಂದರು. ಪಕ್ಕದ ಮನೆಯ ಜೀಪು ಇತ್ತು. ಜೀಪಿನಲ್ಲಿ ತಾಲ್ಲೂಕು ಆಸ್ಪತ್ರೆ ಮುಟ್ಟಲು ಅಷ್ಟೇ ಹೊತ್ತು. ಸಾಮಾನ್ಯವಾಗಿ ನಾನು ಆಂಬುಲೆನ್ಸಿಗೇ ಕಾಯಿರಿ ಅನ್ನುತ್ತೇನೆ. ದಾರಿಯಲ್ಲಿ ಹೃದಯ ನಿಂತರೆ ಆಂಬುಲೆನ್ಸಿನಲ್ಲಿ ಏನಾದರೂ ಮಾಡಬಹುದು, ಜೀಪಿನಲ್ಲಿ ಆಗುವುದಿಲ್ಲ. ಆದರೆ ಆಂಬುಲೆನ್ಸ್ ಬರುವುದಕ್ಕೇ ಅಷ್ಟು ಹೊತ್ತಾಗಿ, ಮತ್ತೆ ಅಷ್ಟೇ ದಾರಿ ಹೋಗಬೇಕು ಅಂದಾಗ ಜೀಪು ಹತ್ತಿದ್ದು ಸರಿಯಾದ ತೀರ್ಮಾನ ಎಂದೇ ನನಗೆ ಅನ್ನಿಸುತ್ತದೆ. ರೋಗಿಯನ್ನು ನಡೆಸದೆ ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಬಂದರು. ಅದೂ ಸರಿಯಾಗಿತ್ತು.

ಆಮೇಲಿನ ವಾದ ಇನ್ನೂ ದೊಡ್ಡದು. ಯಜಮಾನರಿಗೆ ನೇರವಾಗಿ 90 ಕಿಲೋಮೀಟರ್ ದೂರದ ನಗರಕ್ಕೇ ಹೋಗಬೇಕೆಂದು ಮನಸ್ಸು. ‘ತಾಲ್ಲೂಕಲ್ಲಿ ಏನಿದೆ? ಅವರೂ ಅಲ್ಲಿಗೇ ಕಳಿಸ್ತಾರೆ’ ಅಂದರು. ಸೊಸೆ ಊರಿನ ಆಶಾ ಕಾರ್ಯಕರ್ತೆಗೆ ಫೋನ್ ಮಾಡಿದಳು. ಆಶಾ ಹೇಳಿದ್ದು ಎರಡೇ ಮಾತು: ‘ಮೊದ್ಲು ತಾಲ್ಲೂಕಿಗೆ ಹೋಗಿ. ಇಸಿಜಿ ಅಲ್ಲೇ ಆಗುತ್ತೆ, ಹಾರ್ಟಿನ ಇಂಜೆಕ್ಷನ್ನೂ ಅಲ್ಲೇ ಇದೆ, ದುಡ್ಡಿಲ್ಲ.’

ಅಮ್ಮನ ಜೀವ ಉಳಿಸಿದ್ದು ಆ ಎರಡು ಮಾತು ಅಂದರೆ ಜಾಸ್ತಿಯೇನೂ ಆಗುವುದಿಲ್ಲ. ಘಟ್ಟದ ರಸ್ತೆಯಲ್ಲಿ ರಾತ್ರಿ 90 ಕಿಲೋಮೀಟರ್ ಅಂದರೆ ಎರಡೂವರೆ ಗಂಟೆ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಬಂದ ಮೇಲೆ ರಾಜ್ಯದ ಅನೇಕ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು ದೊಡ್ಡ ಹೃದಯ ಕೇಂದ್ರಕ್ಕೆ ಆನ್‌ಲೈನಿನಲ್ಲಿ ಕಳಿಸುತ್ತೇವೆ. ಅಲ್ಲಿನ ತಜ್ಞರು ನೋಡಿ ಹೇಳುತ್ತಾರೆ. ಹೃದಯದ ರಕ್ತನಾಳವನ್ನು ಮುಚ್ಚಿದ ರಕ್ತದ ಹೆಪ್ಪನ್ನು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಹೊರಗೆ ತುಂಬ ದುಬಾರಿ. ಅದನ್ನು ಇಲ್ಲಿ ಉಚಿತವಾಗಿ ಕೊಡುತ್ತೇವೆ. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಈ ಸೌಲಭ್ಯ ಇದೆಯಾ ಅಂತ ಇವತ್ತೇ ಕೇಳಿ ಇಟ್ಟುಕೊಳ್ಳಿ. ರಾತ್ರಿ ಹತ್ತು ಗಂಟೆಗೆ ಅಂಗಳದ ಮೂಲೆಯಲ್ಲಿ ಸಿಗ್ನಲ್ ಹುಡುಕುತ್ತಾ ಕೇಳುವಂತೆ ಆಗಬಾರದು.

ಆಸ್ಪತ್ರೆಯಲ್ಲಿ

10:35ಕ್ಕೆ ಬಂದರು. ಬಿಪಿ 76/50. ನಾಡಿ 46. ಕೈಕಾಲು ತಣ್ಣಗೆ. ಸಕ್ಕರೆ 312. ಎದೆನೋವು ಎಂದು ಬಂದವರಿಗೆ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು ಎನ್ನುವುದು ನಿಯಮ. ಆರನೇ ನಿಮಿಷಕ್ಕೆ ಕಾಗದ ನನ್ನ ಕೈಯಲ್ಲಿತ್ತು. ಹೃದಯದ ಕೆಳಭಾಗವನ್ನು ತೋರಿಸುವ ಗೆರೆಗಳು ಎದ್ದು ನಿಂತಿದ್ದವು. ಅಂದರೆ ರಕ್ತನಾಳ ಪೂರ್ತಿ ಮುಚ್ಚಿದೆ ಎಂದೇ ಲೆಕ್ಕ. ಸಾರ್ಬಿಟ್ರೇಟ್ ಇಟ್ಟ ಮೇಲೆ ಕುಸಿದರು ಎಂದು ಸೊಸೆ ಹೇಳಿದ್ದರಿಂದ ಎದೆಯ ಬಲಗಡೆಗೂ ಒಂದು ತಂತಿ ಇಟ್ಟು ನೋಡಿದೆವು. ಅಲ್ಲೂ ಗೆರೆ ಎದ್ದಿತ್ತು. ಅವಳು ಆ ಮಾತು ಮರೆಮಾಚಿದ್ದರೆ ನಮಗೆ ತಡವಾಗುತ್ತಿತ್ತು. ಏನು ಕೊಟ್ಟಿರಿ, ಯಾವಾಗ ಕೊಟ್ಟಿರಿ ಎಂಬುದನ್ನು ಬೈಯುತ್ತಾರೆ ಎಂಬ ಭಯವಿಲ್ಲದೆ ಹೇಳಿ. ಔಷಧದ ಪಟ್ಟಿ, ನೋವು ಶುರುವಾದ ಹೊತ್ತು, ಇವೆರಡು ನಮಗೆ ತುಂಬ ಬೇಕು.

ಸಲೈನ್ ಜೋರಾಗಿ ಬಿಟ್ಟೆವು, ನಾಡಿ ಏರಿಸಲು ಅಟ್ರೋಪಿನ್ ಕೊಟ್ಟೆವು. ಬಿಪಿ 98ಕ್ಕೆ ಬಂತು. ಆಸ್ಪಿರಿನ್ ಜಗಿಸಿದೆವು, ಹೆಪ್ಪು ಬೆಳೆಯದಂತೆ ತಡೆಯುವ ಕ್ಲೋಪಿಡೋಗ್ರೆಲ್ ಮತ್ತು ಕೊಬ್ಬು ಇಳಿಸುವ ಅಟೊರ್ವಾಸ್ಟಾಟಿನ್ ಕೊಟ್ಟೆವು. ಹೃದಯ ಕೇಂದ್ರದಿಂದ ‘ಕೊಡಿ’ ಎಂದು ಫೋನ್ ಬಂತು.

ಹೆಪ್ಪು ಕರಗಿಸುವ ಔಷಧ ಹೃದಯದ ಹೆಪ್ಪನ್ನಷ್ಟೇ ಕರಗಿಸುವುದಿಲ್ಲ. ಮೈಯಲ್ಲಿ ಬೇರೆಲ್ಲಾದರೂ ಗಾಯವಿದ್ದರೆ ಅಲ್ಲೂ ರಕ್ತ ಹರಿಯಬಹುದು. ಸುಮಾರು ನೂರರಲ್ಲಿ ಒಬ್ಬರಿಗೆ ಮಿದುಳಿನಲ್ಲಿ ರಕ್ತಸ್ರಾವ ಆಗುವ ಅಪಾಯ ಇದೆ. ಅದಕ್ಕೇ ಹಿಂದೆ ಲಕ್ವ ಹೊಡೆದಿತ್ತಾ, ಈಚೆಗೆ ಆಪರೇಷನ್ ಆಗಿದೆಯಾ, ತಲೆಗೆ ಪೆಟ್ಟು ಬಿದ್ದಿದೆಯಾ, ಮಲ ಕಪ್ಪಾಗಿ ಹೋಗುತ್ತಾ ಎಂದು ಒಂದೊಂದೇ ಕೇಳುತ್ತೇವೆ. ಎರಡೂ ತೋಳಿನ ಬಿಪಿ ನೋಡುತ್ತೇವೆ. ಯಜಮಾನರು ಹಿಂಜರಿದರು. ‘ಇಂಜೆಕ್ಷನ್ ಬೇಡ, ದೊಡ್ಡ ಆಸ್ಪತ್ರೆಗೇ ಹೋಗ್ತೀವಿ’ ಅಂದರು. ನಾನು ಇಸಿಜಿ ಕಾಗದ ಅವರ ಮುಂದೆ ಹಿಡಿದೆ. ‘ಯಜಮಾನ್ರೇ, ನೀರು ಹಾಯಿಸೋ ತೋಟ ನೆನೆಸ್ಕೊಳ್ಳಿ. ಕಾಲುವೆ ಮುಚ್ಚಿದೆ. ಇಲ್ಲಿಂದ ಎರಡೂವರೆ ಗಂಟೆ ದಾರಿ. ಅಷ್ಟು ಹೊತ್ತು ಗಿಡ ಒಣಗ್ತಾನೇ ಇರುತ್ತೆ. ಇಂಜೆಕ್ಷನ್ ಕೊಟ್ಟ ಮೇಲೂ ಅಲ್ಲಿಗೆ ಕಳಿಸೋದು ನಾನೇ’ ಅಂದೆ. ಸಹಿ ಹಾಕಿದರು.

ತೂಕ 62 ಕೆಜಿ. ಆ ತೂಕಕ್ಕೆ 35 ಮಿಲಿಗ್ರಾಂ. ಇಂಜೆಕ್ಷನ್ ಕೊಟ್ಟಾಗ 11:12. ಬಂದು 37 ನಿಮಿಷ, ನೋವು ಶುರುವಾಗಿ ನಾಲ್ಕು ಗಂಟೆ.

ಆ 37ರಲ್ಲಿ ಆರು ನಿಮಿಷ ಹೋದದ್ದು ನಮ್ಮ ತಪ್ಪಿನಿಂದ. ಇಂಜೆಕ್ಷನ್ ಇದ್ದ ಕಪಾಟಿಗೆ ಬೀಗ. ಬೀಗದ ಕೈ ಫಾರ್ಮಸಿಯಲ್ಲಿ. ರಾತ್ರಿಪಾಳಿಯ ಹೊಸ ನರ್ಸಿಂಗ್ ಆಫೀಸರ್‌ಗೆ ಅದು ಗೊತ್ತಿರಲಿಲ್ಲ. ಮರುದಿನದಿಂದ ಒಂದು ಡೋಸ್ ತುರ್ತು ಚಿಕಿತ್ಸಾ ಕೊಠಡಿಯಲ್ಲೇ ಇಟ್ಟಿದ್ದೇವೆ. ಪ್ರತಿ ಪಾಳಿ ಬದಲಾಗುವಾಗ ಅದನ್ನು ತೋರಿಸಿ ಸಹಿ ಮಾಡಿಸಿಕೊಳ್ಳುತ್ತೇವೆ. ಬೇರೆ ಆಸ್ಪತ್ರೆಯ ಗೆಳೆಯರು ಇದನ್ನು ಓದುತ್ತಿದ್ದರೆ, ಒಮ್ಮೆ ರಾತ್ರಿ ಎರಡು ಗಂಟೆಗೆ ನಿಮ್ಮ ಕಪಾಟಿನ ಬೀಗ ಯಾರ ಹತ್ತಿರ ಇರುತ್ತದೆ ಎಂದು ನೋಡಿ.

ರಾತ್ರಿ 12:40ಕ್ಕೆ ಮತ್ತೆ ಇಸಿಜಿ ತೆಗೆದಾಗ ಗೆರೆಗಳು ಅರ್ಧಕ್ಕಿಂತ ಕೆಳಗೆ ಇಳಿದಿದ್ದವು. ‘ಚೀಲ ಇಳಿಸಿದ ಹಾಗಾಯ್ತು’ ಎಂದರು ಅಮ್ಮ. ಒಂದು ಗಂಟೆಗೆ ಆಂಬುಲೆನ್ಸಿನಲ್ಲಿ ನಮ್ಮ ನರ್ಸ್ ಜೊತೆ ನಗರದ ಹೃದಯ ಕೇಂದ್ರಕ್ಕೆ ಹೊರಟರು. ಇಂಜೆಕ್ಷನ್ ಕೊಟ್ಟರೆ ಮುಗಿಯಿತು ಎಂದಲ್ಲ. ಹೆಪ್ಪು ಕರಗಿದರೂ ನಾಳ ಕಿರಿದಾಗಿಯೇ ಇರುತ್ತದೆ. ಮೂರರಿಂದ 24 ಗಂಟೆಯೊಳಗೆ ಆಂಜಿಯೋಗ್ರಾಂ, ಅಂದರೆ ನಾಳ ಎಲ್ಲಿ ಕಿರಿದಾಗಿದೆ ಎಂದು ನೋಡುವ ಪರೀಕ್ಷೆ, ಆಗಬೇಕು. ಬೆಳಿಗ್ಗೆ ಅವರ ಬಲಗಡೆಯ ರಕ್ತನಾಳಕ್ಕೆ ಸ್ಟೆಂಟ್ ಹಾಕಿದರು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡ್ ಇದ್ದುದರಿಂದ ಆ ಖರ್ಚು ಅದರಲ್ಲೇ ಹೋಯಿತು. ಐದನೇ ದಿನ ಮನೆಗೆ ಬಂದರು. ಹೃದಯದ ಶಕ್ತಿ ಪೂರ್ತಿ ಉಳಿದಿಲ್ಲ, ಕೆಳಗಿನ ಗೋಡೆಯ ಒಂದು ತುಂಡು ಸರಿಯಾಗಿ ಅಲುಗುವುದಿಲ್ಲ. ಎರಡು ಗಂಟೆ ಮೊದಲು ಬಂದಿದ್ದರೆ ಅದೂ ಉಳಿಯುತ್ತಿತ್ತೇನೋ ಎಂದು ನನಗೆ ಈಗಲೂ ಅನ್ನಿಸುತ್ತದೆ.

ಸೊಸೆಯ ಪ್ರಶ್ನೆ

ವಾರದ ಮೇಲೆ ಮಾತ್ರೆ ತಗೊಳ್ಳಲು ಬಂದ ಸೊಸೆ ಕೇಳಿದಳು: ‘ಗ್ಯಾಸಾ ಹಾರ್ಟಾ ಅಂತ ಮನೇಲಿ ಹೇಗೆ ಕಂಡುಹಿಡಿಯೋದು ಡಾಕ್ಟ್ರೇ?’

ಪೂರ್ತಿಯಾಗಿ ಆಗುವುದಿಲ್ಲ ಎಂದೆ. ಇದು ನನ್ನ ಪ್ರಾಮಾಣಿಕ ಉತ್ತರ. ಇಷ್ಟು ವರ್ಷ ನೋಡಿದ ನಾನೇ ಇಸಿಜಿ ಇಲ್ಲದೆ ಹೇಳುವುದಿಲ್ಲ. ಕೆಲವು ಸಲ ಮೊದಲನೇ ಇಸಿಜಿಯೂ ಸರಿಯಾಗಿಯೇ ಇರುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತೆಗೆಯಬೇಕು. ಹೃದಯದ ಸ್ನಾಯುವಿಗೆ ಪೆಟ್ಟಾಗಿದೆಯಾ ಎಂದು ತೋರಿಸುವ ಟ್ರೋಪೋನಿನ್ ರಕ್ತಪರೀಕ್ಷೆಯನ್ನೂ ಕೆಲವು ಗಂಟೆ ಬಿಟ್ಟು ಎರಡನೇ ಸಲ ಮಾಡಬೇಕಾಗುತ್ತದೆ. ಮನೆಯವರ ಕೆಲಸ ಕಾರಣ ಹುಡುಕುವುದಲ್ಲ. ಎದೆಯಲ್ಲಿ ಭಾರ, ಬಿಗಿತ, ಒತ್ತಡ ಬಂದು ಹದಿನೈದು ನಿಮಿಷ ಕೂತರೂ ಹೋಗಲಿಲ್ಲವಾ, ಬೆವರು, ಉಬ್ಬಸ, ವಾಂತಿ, ತಲೆ ಸುತ್ತು ಜೊತೆಗಿದೆಯಾ, ದವಡೆಗೋ ತೋಳಿಗೋ ಬೆನ್ನಿಗೋ ಹರಡಿತಾ, ಹೊರಡಿ. ಬೆವರಿ ಬಿಳಿಚಿಕೊಂಡವರಿಗೆ, ಪ್ರಜ್ಞೆ ತಪ್ಪಿದವರಿಗೆ ಆ ಹದಿನೈದು ನಿಮಿಷವನ್ನೂ ಕಾಯಬೇಡಿ. ಸಕ್ಕರೆ, ಬಿಪಿ, ಹೊಗೆಸೊಪ್ಪು, ಮನೆಯಲ್ಲಿ ಸಣ್ಣ ವಯಸ್ಸಿಗೆ ಹೃದಯದ ಕಾಯಿಲೆ ಬಂದವರು, ಇದರಲ್ಲಿ ಒಂದಿದ್ದರೂ ಅನುಮಾನ ಹೃದಯದ ಕಡೆಗೇ ಇರಲಿ.

ಹಾಗಂತ ಎದೆನೋವೆಲ್ಲ ಹೃದಯದ್ದೇ ಅಲ್ಲ. ಅದೇ ತುರ್ತು ಕೊಠಡಿಯ ಅದೇ ಮಂಚದ ಮೇಲೆ ನಾನು ಬೇರೆ ಬೇರೆ ಎದೆನೋವು ನೋಡಿದ್ದೇನೆ. ತೆಳ್ಳಗೆ ಎತ್ತರವಿದ್ದ ಒಬ್ಬ ಕಾಲೇಜು ಹುಡುಗನಿಗೆ ಇದ್ದಕ್ಕಿದ್ದಂತೆ ಒಂದು ಪಕ್ಕ ಚುಚ್ಚಿ ಉಸಿರು ಕಟ್ಟಿತು. ಶ್ವಾಸಕೋಶದಿಂದ ಗಾಳಿ ಸೋರಿ ಎದೆಗೂಡಿನಲ್ಲಿ ತುಂಬಿತ್ತು. ಕಾಲಿನ ಮೂಳೆ ಮುರಿದು ಪ್ಲಾಸ್ಟರ್ ಹಾಕಿಸಿಕೊಂಡಿದ್ದ ಒಬ್ಬರಿಗೆ ಕಾಲು ಊದಿ, ಆಮೇಲೆ ಎದೆ ನೋವು, ಉಬ್ಬಸ. ಕಾಲಿನ ಹೆಪ್ಪು ಶ್ವಾಸಕೋಶಕ್ಕೆ ಹೋಗಿತ್ತು. ಇನ್ನೊಬ್ಬರಿಗೆ ಬಟ್ಟೆ ಹರಿದ ಹಾಗೆ ಎದೆಯಿಂದ ಬೆನ್ನಿಗೆ ನೋವು, ಎರಡು ತೋಳಿನ ಬಿಪಿಗೂ ತುಂಬ ವ್ಯತ್ಯಾಸ. ಅದು ಹೃದಯದಿಂದ ಹೊರಡುವ ದೊಡ್ಡ ರಕ್ತನಾಳದ, ಮಹಾಅಪಧಮನಿಯ, ಒಳಪದರ ಸೀಳಿದ್ದು. ಅವರಿಗೇನಾದರೂ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟಿದ್ದರೆ ಪ್ರಾಣವೇ ಹೋಗುತ್ತಿತ್ತು. ಈ ಮೂರೂ ಹೃದಯಾಘಾತದಷ್ಟೇ ತುರ್ತು.

ತುರ್ತಿಲ್ಲದವೂ ಇವೆ. ಒಬ್ಬ ಅಜ್ಜಿಗೆ ಮೂರು ದಿನ ಎದೆಯ ಒಂದೇ ಪಕ್ಕ ಪಟ್ಟಿ ಎಳೆದ ಹಾಗೆ ಉರಿ, ನಾಲ್ಕನೇ ದಿನ ಗುಳ್ಳೆ ಎದ್ದಾಗ ಸರ್ಪಸುತ್ತು ಎಂದು ಗೊತ್ತಾಯಿತು. ಕೆಮ್ಮಿದರೆ, ಉಸಿರೆಳೆದರೆ ಜಾಸ್ತಿಯಾಗುವ ನೋವು ಶ್ವಾಸಕೋಶದ ಪೊರೆಯ ಉರಿಯೂತ ಇರಬಹುದು. ಅದರ ಜೊತೆ ಜ್ವರ ಇದ್ದರೆ ನ್ಯುಮೋನಿಯಾ ಅಲ್ಲವಾ ಎಂದು ನೋಡಬೇಕು. ಮಲಗಿದರೆ ಗಂಟಲಿಗೆ ಹುಳಿ ಬಂದು ಉರಿಯುವುದು ಆಸಿಡ್ ಆಗಿರಬಹುದು. ಪರೀಕ್ಷೆಯ ದಿನಗಳಲ್ಲಿ ಎದೆ ಡವಗುಟ್ಟಿ, ಕೈ ಜುಮ್ಮೆಂದು ಬರುವ ಮಕ್ಕಳಿಗೆ ಆತಂಕದ ದಾಳಿ ಆಗಿರುತ್ತದೆ. ಅದೂ ಸುಳ್ಳು ನೋವಲ್ಲ, ಅವರನ್ನು ಗದರಿಸಬೇಡಿ. ಇವೆಲ್ಲ ಹೆಸರುಗಳು ಸಿಗುವುದು ಹೃದಯದ್ದಲ್ಲ ಎಂದು ಖಾತ್ರಿಯಾದ ಮೇಲೆ.

‘ಹಾಗಾದ್ರೆ ಮಾವ ಆವಾಗ ಹೋಗಿದ್ದು ತಪ್ಪಲ್ಲ ಅಲ್ವಾ?’ ಎಂದಳು.

ತಪ್ಪೇ ಅಲ್ಲ. ಐವತ್ತು ದಾಟಿದವರು, ರಾತ್ರಿ, ಎದೆ ಉರಿ. ನಾನಿದ್ದರೂ ಇಟ್ಟುಕೊಂಡು ನೋಡುತ್ತಿದ್ದೆ. ಅವರು ಮೊದಲು ತಾಲ್ಲೂಕು ಆಸ್ಪತ್ರೆಗೆ ಬಂದಿದ್ದರೆ 38 ಸಾವಿರ ಉಳಿಯುತ್ತಿತ್ತು, ಅಷ್ಟೇ. ಊರಿನವರು ನಕ್ಕರಲ್ಲ, ಆ ನಗು ಮೂರು ವರ್ಷ ಮನೆಯೊಳಗೆ ಉಳಿದು ಅಮ್ಮನನ್ನು ಎರಡು ಗಂಟೆ ಸುಮ್ನೆ ಕೂರಿಸಿತು. ಯಾರಾದರೂ ಎದೆನೋವು ಎಂದು ಆಸ್ಪತ್ರೆಗೆ ಹೋಗಿ ಏನೂ ಇಲ್ಲ ಎಂದು ವಾಪಸ್ ಬಂದರೆ ದಯವಿಟ್ಟು ಆಡಿಕೊಳ್ಳಬೇಡಿ. ಬೀದಿಯಲ್ಲಿ ನಿಂತು ಕೇಳಿಸಿಕೊಳ್ಳುವ ಇನ್ನೊಬ್ಬರ ಎದೆಯಲ್ಲಿ ಆಗಲೇ ಭಾರ ಶುರುವಾಗಿರಬಹುದು.

ಮಾರ್ಚಿನ ಒಂದು ಬೆಳಿಗ್ಗೆ

ಮೂರು ತಿಂಗಳಾದ ಮೇಲೆ, ಬೆಳಿಗ್ಗೆ ಏಳೂವರೆಗೆ ಅದೇ ಜೀಪು ಬಂತು. ಈ ಸಲ ಒಳಗೆ ಯಜಮಾನರು. ಹಿಂದಿನ ದಿನ ಅಡಿಕೆ ಚೀಲ ಎತ್ತಿ ಲಾರಿಗೆ ಹಾಕಿದ್ದರು. ಎದ್ದಾಗಿನಿಂದ ಎದೆಯ ಎಡಗಡೆ ನೋವು. ಶುರುವಾಗಿ ಐವತ್ತು ನಿಮಿಷ ಅಷ್ಟೇ ಆಗಿತ್ತು. ಜೀಪಿನಲ್ಲಿ ಅವರ ಪಕ್ಕ ಕೂತಿದ್ದವರು ಅಮ್ಮ. ಹೊರಡಿಸಿದ್ದೂ ಅವರೇ.

ಇಸಿಜಿ ಸರಿಯಿತ್ತು. ಅರ್ಧ ಗಂಟೆ ಬಿಟ್ಟು ಮತ್ತೊಂದು ತೆಗೆದೆವು, ಅದೂ ಸರಿ. ಮೂರು ಗಂಟೆಯ ಅಂತರದಲ್ಲಿ ಮಾಡಿದ ಎರಡು ಟ್ರೋಪೋನಿನ್ ಪರೀಕ್ಷೆಯಲ್ಲೂ ಏನೂ ಇಲ್ಲ. ಎದೆಮೂಳೆಗೆ ಪಕ್ಕೆಲುಬು ಸೇರುವ ಜಾಗದಲ್ಲಿ ಬೆರಳಿಟ್ಟು ಒತ್ತಿದರೆ ‘ಹಾಂ, ಅಲ್ಲೇ’ ಅಂದರು. ಭಾರ ಎತ್ತಿ ಆ ಸಂಧಿ ಉಳುಕಿ ಊದಿತ್ತು. ಒತ್ತಿದರೆ ನೋವಿದೆ ಎಂಬುದೊಂದನ್ನೇ ನಂಬಿ ನಾನು ಅವರನ್ನು ಮೊದಲೇ ಮನೆಗೆ ಕಳಿಸಲಿಲ್ಲ. ಉಳಿದೆಲ್ಲ ಪರೀಕ್ಷೆ ಮುಗಿದ ಮೇಲೆ ನೋವಿನ ಮಾತ್ರೆ ಬರೆದುಕೊಟ್ಟೆ. ಅವರ ಸಕ್ಕರೆ, ಕೊಬ್ಬು ಪರೀಕ್ಷೆಗೂ ಚೀಟಿ ಬರೆದೆ.

ಯಜಮಾನರು ಸ್ವಲ್ಪ ಸಂಕೋಚದಿಂದ ಹೆಂಡತಿಯ ಮುಖ ನೋಡಿದರು. ‘ಮತ್ತೆ ಏನೂ ಇಲ್ಲ ಅಂತೆ’ ಅಂದರು.

‘ಏನೂ ಇಲ್ಲ ಅಂತ ಗೊತ್ತಾಯ್ತಲ್ಲ’ ಎಂದು ಅಮ್ಮ ಎದ್ದು, ಅವರ ಇಸಿಜಿ ಕಾಗದ ಎರಡನ್ನೂ ಮಡಚಿ ತಮ್ಮ ಚೀಲದಲ್ಲಿಟ್ಟುಕೊಂಡರು. ಮುಂದಿನ ಸಲ ಹೋಲಿಸಿ ನೋಡಲು ಹಳೆಯ ಇಸಿಜಿ ಬೇಕಾಗುತ್ತದೆ ಎಂದು ಅವರಿಗೆ ಹೃದಯ ಕೇಂದ್ರದಲ್ಲಿ ಯಾರೋ ಹೇಳಿದ್ದರಂತೆ.